ಟಿಎಫ್‌ಆರ್ ಲೆಕ್ಕ ಜಾರುವುದು ಛೇದದಲ್ಲಿ

ಜನನಗಳನ್ನು ಎಣಿಸುವುದು ಕಷ್ಟವಲ್ಲ. ಅವನ್ನು ಯಾವುದರಿಂದ ಭಾಗಿಸಬೇಕು ಎಂಬಲ್ಲೇ ಹೆಚ್ಚಿನವರ ಲೆಕ್ಕ ಜಾರುತ್ತದೆ. ಡಿಎಚ್‌ಎಸ್ (ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆ) ಮಾದರಿಯ ಮನೆ ಸಮೀಕ್ಷೆಗಳಿಂದ ಒಟ್ಟು ಫಲವತ್ತತೆ ದರ, ಅಂದರೆ ಟಿಎಫ್‌ಆರ್, ತೆಗೆಯುವಾಗ ನಾನು ಅನುಸರಿಸುವ ಕ್ರಮ ಇದು. ಈಗಿನ ಜನನ ದರಗಳೇ ಮುಂದುವರಿದರೆ ಒಬ್ಬ ಮಹಿಳೆ ಸರಾಸರಿ ಎಷ್ಟು ಮಕ್ಕಳನ್ನು ಹೆರುತ್ತಾಳೆ ಎಂಬುದೇ ಟಿಎಫ್‌ಆರ್.

ಮೊದಲು ಎಲ್ಲ ದಿನಾಂಕಗಳೂ ತಿಂಗಳ ಸಂಖ್ಯೆಯಲ್ಲಿ, ಅಂದರೆ ಸಿಎಂಸಿಯಲ್ಲಿ (ಸೆಂಚುರಿ ಮಂತ್ ಕೋಡ್) ಇರಬೇಕು. ಇಸವಿಯಿಂದ 1900 ಕಳೆದು, 12ರಿಂದ ಗುಣಿಸಿ, ತಿಂಗಳನ್ನು ಕೂಡಿಸಿದರಾಯಿತು. 2021ರ ಮಾರ್ಚ್ ಎಂದರೆ 1455. ಇಥಿಯೋಪಿಯಾದ ಕಡತಗಳಲ್ಲಿ ಅಲ್ಲಿನ ಪಂಚಾಂಗದ ದಿನಾಂಕವಿರುತ್ತದೆ. ಗ್ರೆಗೋರಿಯನ್‌ಗೆ ತರಲು ಸಿಎಂಸಿಗೆ 92 ಕೂಡಿಸಬೇಕು. ಟಿಎಫ್‌ಆರ್‌ಗೆ ಅದೂ ಬೇಡ, ಏಕೆಂದರೆ ಇಲ್ಲಿ ಬಳಕೆಯಾಗುವುದು ದಿನಾಂಕಗಳ ನಡುವಿನ ಅಂತರ ಮಾತ್ರ.

ಸಂದರ್ಶನದ ತಿಂಗಳು ಪೂರ್ತಿಯಾಗಿರುವುದಿಲ್ಲ, ಹಾಗಾಗಿ ಅದನ್ನು ಬಿಟ್ಟು ಹಿಂದಿನ 36 ತಿಂಗಳು ತೆಗೆದುಕೊಳ್ಳುತ್ತೇನೆ. 1455ರಲ್ಲಿ ಮಾತಾಡಿಸಿದ ಮಹಿಳೆಗೆ ಆ ಅವಧಿ 1419ರಿಂದ 1454. ಆಕೆ ಹುಟ್ಟಿದ್ದು 1140ರಲ್ಲಿ ಎಂದಿಟ್ಟುಕೊಳ್ಳಿ. 1440ರಲ್ಲಿ ಆಕೆಗೆ 300 ತಿಂಗಳು, ಅಂದರೆ 25 ವರ್ಷ ತುಂಬುತ್ತದೆ. ಆದ್ದರಿಂದ 21 ತಿಂಗಳು 20–24ರ ಗುಂಪಿಗೆ, 15 ತಿಂಗಳು 25–29ರ ಗುಂಪಿಗೆ ಹೋಗಬೇಕು. 1435ರಲ್ಲಿ ಹೆತ್ತಿದ್ದರೆ ಆ ಜನನ 20–24ಕ್ಕೆ ಸೇರುತ್ತದೆ. ಸಂದರ್ಶನದ ದಿನದ ವಯಸ್ಸನ್ನೇ ಹಿಡಿದು ಗುಂಪು ಮಾಡಿದರೆ ಈ ಜನನವೂ ಆ 21 ತಿಂಗಳೂ ತಪ್ಪು ಗುಂಪಿಗೆ ಬೀಳುತ್ತವೆ. ನಾನು ಕಂಡ ತಪ್ಪುಗಳಲ್ಲಿ ಇದೇ ಹೆಚ್ಚು.

ತೀರಿಹೋದ ಮಕ್ಕಳನ್ನೂ ಎಣಿಸಬೇಕು, ಅವಳಿಗಳು ಎರಡು ಜನನ. ಪ್ರತಿ ಗುಂಪಿನಲ್ಲಿ ಎಲ್ಲ ಮಹಿಳೆಯರ ತಿಂಗಳುಗಳನ್ನು ಕೂಡಿಸಿ, 12ರಿಂದ ಭಾಗಿಸಿ ಮಹಿಳಾ-ವರ್ಷ ಮಾಡಿ, ಅದರಿಂದ ಜನನಗಳನ್ನು ಭಾಗಿಸಿದರೆ ಆ ಗುಂಪಿನ ದರ. 15–19ರಿಂದ 45–49ರವರೆಗಿನ ಏಳು ಗುಂಪುಗಳ ದರಗಳನ್ನು ಕೂಡಿಸಿ 5ರಿಂದ ಗುಣಿಸಿದರೆ ಟಿಎಫ್‌ಆರ್. ಸಮೀಕ್ಷೆಯ ಮಾದರಿಯ ಏರುಪೇರು ಸರಿದೂಗಿಸುವ ತೂಕದ ಅಂಕಣ ವಿ005 ಅನ್ನು ಹತ್ತು ಲಕ್ಷದಿಂದ ಭಾಗಿಸಿ, ಜನನಕ್ಕೂ ಮಹಿಳಾ-ವರ್ಷಕ್ಕೂ ಹಾಕಬೇಕು.

ಐದು ವರ್ಷದ ಬದಲು ಮೂರು ಏಕೆ? ಮಗುವಿನ ಆರೋಗ್ಯದ ಉದ್ದನೆಯ ಪ್ರಶ್ನೆಗಳನ್ನು ಹಲವು ಸಮೀಕ್ಷೆಗಳು ಕಳೆದ ಐದು ವರ್ಷಗಳಲ್ಲಿ ಹುಟ್ಟಿದವರಿಗಷ್ಟೇ ಕೇಳುತ್ತವೆ. ಕೆಲಸ ತಪ್ಪಿಸಿಕೊಳ್ಳಲು ಕೆಲವು ಸಂದರ್ಶಕರು ಹುಟ್ಟಿದ ಇಸವಿಯನ್ನು ಗಡಿಯಾಚೆ ತಳ್ಳುತ್ತಾರೆ. ಜನನಗಳನ್ನು ಇಸವಿವಾರು ಪಟ್ಟಿ ಮಾಡಿ ನೋಡಿ: ಗಡಿಯ ಒಳಗೆ ತಗ್ಗು, ಹೊರಗೆ ದಿಬ್ಬ ಕಂಡರೆ ಇದನ್ನೇ ಶಂಕಿಸಬೇಕು.

ಮದುವೆಯಾದವರನ್ನಷ್ಟೇ ಸಂದರ್ಶಿಸಿದ ಸಮೀಕ್ಷೆಗಳಲ್ಲಿ ಛೇದ ಮತ್ತಷ್ಟು ಕುಗ್ಗಿರುತ್ತದೆ. ಅವಿವಾಹಿತೆಯರ ಮಹಿಳಾ-ವರ್ಷ ಸೇರಿಸದಿದ್ದರೆ 15–19ರ ದರ ವಿಪರೀತ ಏರುತ್ತದೆ. ಇದಕ್ಕಾಗಿ ಕಡತದಲ್ಲೇ ಇರುವ, ಮದುವೆಯಾದವರ ಲೆಕ್ಕವನ್ನು ಎಲ್ಲ ಮಹಿಳೆಯರ ಲೆಕ್ಕಕ್ಕೆ ಹಿಗ್ಗಿಸುವ ಗುಣಕವನ್ನು 100ರಿಂದ ಭಾಗಿಸಿ ಛೇದಕ್ಕೆ ಮಾತ್ರ ಹಾಕಬೇಕು.

ಕುಟುಂಬ ಯೋಜನೆಯಲ್ಲೂ ಪೇಚು ಇದೇ. 100 ವಿವಾಹಿತೆಯರಲ್ಲಿ 40 ಮಂದಿ ಆಧುನಿಕ ಗರ್ಭನಿರೋಧಕ ವಿಧಾನ, 5 ಮಂದಿ ಸಾಂಪ್ರದಾಯಿಕ ವಿಧಾನ ಬಳಸುತ್ತಾರೆ, 15 ಮಂದಿಗೆ ಪೂರೈಸದ ಅಗತ್ಯವಿದೆ (ಗರ್ಭ ತಡೆಯಲು ಅಥವಾ ಮುಂದೂಡಲು ಬಯಸಿಯೂ ವಿಧಾನ ಬಳಸದವರು) ಎನ್ನೋಣ. ಆಧುನಿಕ ಬಳಕೆಯ ದರ ಶೇ. 40; ಆಧುನಿಕ ವಿಧಾನದಿಂದ ಪೂರೈಸಿದ ಬೇಡಿಕೆ 40ನ್ನು ಒಟ್ಟು ಬೇಡಿಕೆಯಾದ 60ರಿಂದ (40+5+15) ಭಾಗಿಸಿದ್ದು, ಅಂದರೆ ಶೇ. 66.7. ಆ 15ರಲ್ಲಿ ಗರ್ಭಿಣಿಯರೂ ಇರಬಹುದು. ಈಗ ವಿಧಾನ ಬಳಸುತ್ತಿಲ್ಲವೆಂದು ಅವರನ್ನು ಕೈಬಿಡಬಾರದು. ಈ ಗರ್ಭ ಆಗಲೇ ಬೇಕಿತ್ತೇ, ತಡವಾಗಿ ಬೇಕಿತ್ತೇ, ಬೇಡವೇ ಆಗಿತ್ತೇ ಎಂಬ ಉತ್ತರದ ಮೇಲೆ ಅವರ ಸ್ಥಾನ ನಿರ್ಧಾರವಾಗುತ್ತದೆ.