ಹಲಸಿನ ಸ್ಟೂಲ್: ಮಳೆಗಾಲ ದಾಟಿದರೂ ಸೀಳದ ಹಾಗೆ

ಕರಾವಳಿಯ ಹವೆಯಲ್ಲಿ ಹಲಗೆ ಜೂನ್‌ನಲ್ಲಿ ಹಿಗ್ಗಿ ಮಾರ್ಚ್‌ಗೆ ಕುಗ್ಗುತ್ತದೆ. 300 ಮಿ.ಮೀ. ಅಗಲದ ಹಲಸಿನ ಹಲಗೆಯ ಅಗಲ ನಾನು ಅಳೆದಾಗ 3 ಮಿ.ಮೀ. ತನಕ ವ್ಯತ್ಯಾಸವಾಗಿದೆ, ಉದ್ದ ಮಾತ್ರ ಬದಲಾಗುವುದಿಲ್ಲ ಎಂದೇ ಹೇಳಬಹುದು. ಇಡೀ ಸ್ಟೂಲನ್ನು ಈ ಲೆಕ್ಕದ ಮೇಲೆಯೇ ಕಟ್ಟುತ್ತೇನೆ.

ಮರದಲ್ಲಿ ಚೇಗು, ಅಂದರೆ ನಡುವಿನ ಗಟ್ಟಿ ಭಾಗ, ಮಾತ್ರ ಸಾಕು. ಅಂಚಿನ ಬಿಳಿ ಭಾಗ ಒಂದು ಬೆರಳಗಲ ಉಳಿದರೂ ಕುಟ್ಟೆಹುಳು ಅಲ್ಲಿಂದಲೇ ಶುರುಮಾಡುತ್ತದೆ. ಒಂದಿಂಚು ದಪ್ಪದ ಹಲಗೆಗೆ ನೆರಳಿನಲ್ಲಿ ಒಂದು ವರ್ಷ ಒಣಗುವ ಸಮಯ ಕೊಡುತ್ತೇನೆ, ನಡುನಡುವೆ ರೀಪಿನ ತುಂಡಿಟ್ಟು.

ಕಾಲು 45 ಮಿ.ಮೀ. ಚೌಕ, 400 ಎತ್ತರ. ಅಡ್ಡಪಟ್ಟಿ 75 ಅಗಲ, 22 ದಪ್ಪ. ಪಟ್ಟಿಯ ತುದಿಯ ನಾಲಗೆ ದಪ್ಪದ ಮೂರನೇ ಒಂದು, ಅಂದರೆ 8 ಮಿ.ಮೀ. ಕಡೆಗೆ, ಉದ್ದ 25. ಕಾಲಿನ ಗುಳಿ 27 ಆಳ, ಗೋಂದಿಗೆ ಜಾಗ ಬೇಕಲ್ಲ. ಎರಡು ಬದಿಯ ಗುಳಿಗಳು ಕಾಲಿನೊಳಗೆ ಕೂಡುವುದರಿಂದ ನಾಲಗೆಗಳ ತುದಿಯನ್ನು 45 ಡಿಗ್ರಿಗೆ ಓರೆ ಕತ್ತರಿಸಬೇಕು. ಕೈಯಿಂದ ಒತ್ತಿದರೆ ಒಳಗೆ ಹೋಗಬೇಕು. ಕೊಡತಿಯಲ್ಲಿ ಬಲವಾಗಿ ಹೊಡೆಯಬೇಕಾದರೆ ಕಾಲು ಸೀಳುತ್ತದೆ. ಕ್ಲ್ಯಾಂಪ್ ಬಿಗಿದ ಕೂಡಲೇ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ, ಸಮ ಇರಬೇಕು. ಹೊರಬಂದ ಫೆವಿಕಾಲ್ ಅನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ತೆಳ್ಳಗಾಗಿ ರಂಧ್ರಗಳಿಗಿಳಿದು ಪಾಲಿಶ್ ಹಿಡಿಯದ ಕಲೆಯಾಗುತ್ತದೆ. ಅರ್ಧ ಗಂಟೆಯಲ್ಲಿ ರಬ್ಬರಿನಂತಾದ ಮೇಲೆ ಉಳಿಯಿಂದ ಎಬ್ಬಿಸಿ.

ಕೂರುವ ಹಲಗೆಯನ್ನು ಚೌಕಟ್ಟಿಗೆ ಅಂಟಿಸುವುದೇ ಇಲ್ಲ. ಪಟ್ಟಿಗಳ ಒಳಮೈಯಲ್ಲಿ ಮೇಲಂಚಿನಿಂದ 12 ಮಿ.ಮೀ. ಕೆಳಗೆ 6 ಮಿ.ಮೀ. ಗಾಡಿ (ಉದ್ದ ಕಾಲುವೆ) ತೋಡಿ, ತುಟಿಯಿರುವ ಸಣ್ಣ ಮರದ ತುಂಡುಗಳನ್ನು ಅದರಲ್ಲಿ ಸಿಕ್ಕಿಸಿ ಹಲಗೆಗೆ ಸ್ಕ್ರೂ ಹಾಕುತ್ತೇನೆ. ತುಟಿಯ ಮೇಲೆ 11 ಮಿ.ಮೀ. ಬಿಟ್ಟರೆ ಹಲಗೆ ಬಿಗಿಯಾಗಿ ಎಳೆದುಕೊಳ್ಳುತ್ತದೆ. ಉದ್ದದ ಪಟ್ಟಿಗಳಲ್ಲಿ ತುಟಿಯ ಮುಂದೆ 2 ಮಿ.ಮೀ. ಸಂದು ಖಂಡಿತ ಇರಲಿ, ಹಲಗೆ ಚಲಿಸುವುದು ಆ ಕಡೆಗೆ.

ಹಲಸಿನ ನಾರು ಹೆಣೆದುಕೊಂಡಿರುತ್ತದೆ. ಕೀಸುವಾಗ ಅರ್ಧ ನುಣುಪಾಗಿ ಅರ್ಧ ಕಿತ್ತು ಬಂದರೆ ಅಲಗು ಮಸೆದು, ತೀರ ತೆಳ್ಳಗೆ ಕೀಸಿ. ಆಮೇಲೆ 120, 180, 220 ನಂಬರಿನ ಉಪ್ಪುಕಾಗದ. ಒದ್ದೆ ಬಟ್ಟೆ ಸವರಿ ಒಣಗಿಸಿ, ಎದ್ದ ನಾರನ್ನು ಮತ್ತೆ 220ರಲ್ಲಿ ಉಜ್ಜಿ.

ಪಾಲಿಶ್‌ಗೆ 90 ಗ್ರಾಂ ಅರಗಿನ ಚಕ್ಕೆ, 500 ಮಿ.ಲೀ. ಸ್ಪಿರಿಟ್, ಗಾಜಿನ ಬಾಟಲಿ. ಕಬ್ಬಿಣದ ಡಬ್ಬಿಯಲ್ಲಿ ಕಪ್ಪಾಗುತ್ತದೆ. ಚನ್ನಪಟ್ಟಣದ ಬೊಂಬೆಯ ಹೊಳಪೂ ಅರಗಿನದೇ, ಆದರೆ ಅಲ್ಲಿ ತಿರುಗುವ ಮರಕ್ಕೆ ಗಟ್ಟಿ ಅರಗನ್ನೇ ಒತ್ತುತ್ತಾರೆ. ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಒಂದು ರಾತ್ರಿ ಕರಗಿಸಿ ಸೋಸಿ, ಗಂಟೆಗೊಂದರಂತೆ ಆರು ಕೋಟ್. ಎರಡನೆಯದರ ನಂತರ 400ರ ಕಾಗದ. ಮಳೆ ಹಿಡಿದ ದಿನ ಹಚ್ಚಿದರೆ ತೇವ ಸಿಕ್ಕಿಕೊಂಡು ಮೈ ಬಿಳಿಚುತ್ತದೆ. ಒಣ ಹವೆ ಬಂದಾಗ ಸ್ಪಿರಿಟ್ ಸೋಕಿಸಿದ ಬಟ್ಟೆಯನ್ನು ಹಗುರಾಗಿ ಎಳೆದರೆ ಸರಿಹೋಗುತ್ತದೆ. ಬಿಸಿ ಲೋಟ ಇಡುವ ಮೇಜಿಗೆ ಮಾತ್ರ ಅರಗು ಬೇಡ, ಬಿಳಿ ಉಂಗುರ ಬೀಳುತ್ತದೆ.

ಹಲಗೆಯ ಅಡಿಗೂ ಮೇಲಿನಷ್ಟೇ ಕೋಟ್ ಕೊಡಿ. ಒಂದೇ ಬದಿ ಮುಚ್ಚಿದರೆ ಇನ್ನೊಂದು ಬದಿ ಬೇಗ ತೇವ ಹೀರಿ ಹಲಗೆ ದೋಣಿಯಂತೆ ಬಾಗುತ್ತದೆ.