ಒಂದೇ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಕೆಳಗಿನ ಒಂಬತ್ತು ಮನೆ: ಹೀಟ್ ಪಂಪ್ ಹಾಕಿದ ನನ್ನ ಅನುಭವ

ಜೂನ್ ಎರಡನೇ ವಾರ ಬಂತೆಂದರೆ ನನ್ನ ಫೋನು ಬೆಳಗ್ಗೆ ಆರಕ್ಕೇ ಶುರು. "ಅಣ್ಣಾರ, ನೀರ ಕಾಯವಲ್ದು ರೀ." ಬೆಳಗಾವಿಯಲ್ಲಿ ಸೋಲಾರ್ ವಾಟರ್ ಹೀಟರ್ ರಿಪೇರಿ ಮಾಡುತ್ತಾ ನನಗೆ ಹದಿನೆಂಟು ವರ್ಷವಾಯಿತು. ಆ ಫೋನುಗಳಲ್ಲಿ ಅರ್ಧಕ್ಕರ್ಧ ಮನೆಗಳಲ್ಲಿ ಏನೂ ಕೆಟ್ಟಿರುವುದಿಲ್ಲ. ಬಿಸಿಲು ಇಲ್ಲ, ಅಷ್ಟೇ. ಸಹ್ಯಾದ್ರಿ ಇಲ್ಲೇ ಪಕ್ಕದಲ್ಲಿದೆ. ಖಾನಾಪುರದ ಕಡೆಯಿಂದ ಮೋಡ ಬಂದು ಕೂತರೆ ವಾರಗಟ್ಟಲೆ ಏಳುವುದಿಲ್ಲ. ವಿಜಯಪುರದವರಿಗೆ ಸೋಲಾರ್ ವರ್ಷದ ಬಹುಪಾಲು ಕೆಲಸ ಮಾಡುತ್ತದೆ. ನಮಗೆ ಬಿಸಿನೀರು ಜಾಸ್ತಿ ಬೇಕಾದಾಗಲೇ ಅದು ಕೈ ಕೊಡುತ್ತದೆ. ಆಗ ಎಲ್ಲರೂ ಗೀಸರ್ ಹಾಕುತ್ತಾರೆ. ಕೆಲವರು ಇನ್ನೂ ಹಿತ್ತಲಲ್ಲಿ ತಾಮ್ರದ ಬಂಬ ಹೊತ್ತಿಸುತ್ತಾರೆ.

2021ರಲ್ಲಿ ನಮ್ಮ ವಡಗಾವಿಯ ಮನೆಗೆ ಹೀಟ್ ಪಂಪ್ ಹಾಕಿದೆ. 200 ಲೀಟರಿನದು, 84 ಸಾವಿರ ರೂಪಾಯಿ. ಅವ್ವ ಎರಡು ದಿನ ಮಾತೇ ಆಡಲಿಲ್ಲ. ಅಷ್ಟು ದುಡ್ಡಿಗೆ ಎಂಟು ಗೀಸರ್ ಬರುತ್ತವೆ ಎಂಬುದು ಅವಳ ಲೆಕ್ಕ. ಲೆಕ್ಕ ತಪ್ಪೇನಲ್ಲ.

ಫ್ರಿಜ್ಜಿನ ಹಿಂಬದಿಗೆ ಕೈ ಹಿಡಿದರೆ ಬೆಚ್ಚಗಿರುತ್ತದೆ, ಅಲ್ವಾ? ಒಳಗಿನ ಬಿಸಿಯನ್ನು ಹೊರಗೆ ತಂದು ಹಾಕುವುದು ಅದರ ಕೆಲಸ. ಹೀಟ್ ಪಂಪ್ ಮಾಡುವುದೂ ಅದನ್ನೇ. ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನು ಎಳೆದು ಟ್ಯಾಂಕಿನ ನೀರಿಗೆ ಕೊಡುತ್ತದೆ. ಅದಕ್ಕೆ ಬಿಸಿಲು ಬೇಡ, ಗಾಳಿ ಸಾಕು. 200 ಲೀಟರ್ ನೀರನ್ನು 22 ಡಿಗ್ರಿಯಿಂದ 52 ಡಿಗ್ರಿಗೆ ಏರಿಸಲು ಸುಮಾರು 7 ಯೂನಿಟ್ ಶಾಖ ಬೇಕು. ಗೀಸರ್ ಆದರೆ ಅಷ್ಟೂ ಕರೆಂಟಿನಿಂದಲೇ ಬರಬೇಕು. ಹೀಟ್ ಪಂಪಿನಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು ಗಾಳಿಯಿಂದ ಬರುತ್ತದೆ. ನಾನು ಬೇರೆ ಮೀಟರ್ ಕೂರಿಸಿ ಜುಲೈ ತಿಂಗಳಿಡೀ ಬರೆದಿಟ್ಟೆ: 71 ಯೂನಿಟ್. ಅದೇ ನೀರಿಗೆ ಗೀಸರ್ 215ರ ಹತ್ತಿರ ತೆಗೆದುಕೊಳ್ಳುತ್ತಿತ್ತು.

ಆದರೆ ಈ 71 ಸುಮ್ನೆ ಬಂದದ್ದಲ್ಲ. ಮೊದಲ ತಿಂಗಳು ನಾನು ದೊಡ್ಡ ತಪ್ಪು ಮಾಡಿದ್ದೆ. ಮಳೆ ತಾಗಬಾರದು ಎಂದು ಅದನ್ನು ಬಚ್ಚಲ ಪಕ್ಕದ ಸಾಮಾನು ಕೋಣೆಯಲ್ಲಿ ಕೂರಿಸಿದ್ದೆ. ಆರಡಿ, ಐದಡಿ ಕೋಣೆ. ಒಂದೇ ಸಣ್ಣ ಕಿಟಕಿ. ಮಷೀನು ಗಾಳಿಯ ಬಿಸಿ ಹೀರಿ ತಣ್ಣನೆ ಗಾಳಿ ಬಿಡುತ್ತದೆ. ಆ ತಣ್ಣನೆ ಗಾಳಿ ಹೊರಗೆ ಹೋಗದೆ ಅದನ್ನೇ ಮತ್ತೆ ಎಳೆದುಕೊಳ್ಳುತ್ತಿತ್ತು. ಕೋಣೆ ಐಸ್ ಫ್ಯಾಕ್ಟರಿಯಂತಾಯಿತು. ಮೂರೂವರೆ ಗಂಟೆಯಲ್ಲಿ ಕಾಯಬೇಕಾದ ನೀರಿಗೆ ಆರೂವರೆ ಗಂಟೆ ಬೇಕಾಯಿತು. ಕಂಪನಿಗೆ ಹೇಳಿದೆ. ಬೇರೆ ಊರಿನಿಂದ ಮೆಕ್ಯಾನಿಕ್ ಬರಲು ಹನ್ನೊಂದು ದಿನ ಆಯಿತು. ಬಂದವನು ಗ್ಯಾಸ್ ಕಡಿಮೆ ಎಂದು ಹೇಳಿ ತುಂಬಿಸಿ ಹೋದ. ಏನೂ ಬದಲಾಗಲಿಲ್ಲ. ಕೊನೆಗೆ ನಾನೇ ಕಿತ್ತು, ಹಿಂದಿನ ಗಚ್ಚಿಯ ಮೇಲೆ ತಗಡಿನ ಚಪ್ಪರ ಹಾಕಿ, ಮೂರು ಕಡೆ ಬಯಲು ಬಿಟ್ಟು ಕೂರಿಸಿದೆ. ಅವತ್ತೇ ಸರಿಹೋಯಿತು.

ಇನ್ನೊಂದನ್ನು ಯಾರೂ ಮೊದಲೇ ಹೇಳುವುದಿಲ್ಲ. ಮಳೆಗಾಲದಲ್ಲಿ ಗಾಳಿಯಲ್ಲಿ ತೇವ ಜಾಸ್ತಿ. ಮಷೀನಿನ ಕೆಳಗೆ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ. ಸಣ್ಣ ಪೈಪ್ ಹಾಕಿ ಹೊರಗೆ ಬಿಡದಿದ್ದರೆ ಕೆಳಗಿನ ಗೋಡೆಗೆ ಇಳಿಯುತ್ತದೆ. ಆಗ ಮನೆಯವರು "ಮಷೀನ್ ಸೋರಾಕತ್ತೈತಿ" ಎಂದು ಹೆದರುತ್ತಾರೆ. ಐವತ್ತು ರೂಪಾಯಿ ಪೈಪಿನ ಮಾತು ಇದು.

ಆಮೇಲಿನ ಎರಡು ವರ್ಷ ಎಲ್ಲರಿಗೂ ಹೇಳಿದೆ. ಒಬ್ಬರೂ ಹಾಕಿಸಲಿಲ್ಲ. ಮೀಟರಿನ ಲೆಕ್ಕ ತೋರಿಸಿದರೆ ತಲೆಯಾಡಿಸುತ್ತಿದ್ದರು, ಮನೆಗೆ ಹೋಗಿ ಗೀಸರ್ ತರುತ್ತಿದ್ದರು. ನನಗೆ ಆಗ ಬೇಜಾರಾಗುತ್ತಿತ್ತು.

ಅಕ್ಕನ ಮಗ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಕೆಲಸಕ್ಕಿದ್ದ. 2023ರ ಚಳಿಗಾಲದಲ್ಲಿ ಫೋನಿನಲ್ಲಿ ಮಾತಾಡುವಾಗ, "ಮಾಮಾ, ಇಲ್ಲಿಯ ಸರ್ಕಾರಕ್ಕೂ ನಿನ್ನ ಚಿಂತೀನೇ ಐತಿ" ಎಂದ. ಅಲ್ಲಿ ಹೀಟ್ ಪಂಪ್ ಸ್ನಾನದ ನೀರಿಗಷ್ಟೇ ಅಲ್ಲ, ಇಡೀ ಮನೆ ಬೆಚ್ಚಗಿಡಲು. ಹೆಚ್ಚಿನ ಮನೆಗಳಲ್ಲಿ ಗ್ಯಾಸ್ ಬಾಯ್ಲರ್ ಇದೆ. 2028ರ ಹೊತ್ತಿಗೆ ವರ್ಷಕ್ಕೆ 6 ಲಕ್ಷ ಹೀಟ್ ಪಂಪ್ ಕೂರಿಸಬೇಕೆಂದು ಆ ಸರ್ಕಾರ ಗುರಿ ಇಟ್ಟುಕೊಂಡಿತ್ತು. ಬಾಯ್ಲರ್ ತೆಗೆದು ಹೀಟ್ ಪಂಪ್ ಹಾಕುವ ಮನೆಗೆ 2022ರಲ್ಲಿ 5,000 ಪೌಂಡ್ ಸಹಾಯಧನ ಶುರು ಮಾಡಿದರು. ಜನ ಸಾಕಷ್ಟು ಬರಲಿಲ್ಲ. 2023ರ ಅಕ್ಟೋಬರಿನಲ್ಲಿ ಅದನ್ನು 7,500 ಪೌಂಡಿಗೆ ಏರಿಸಿದರು.

ಸಹಾಯಧನ ನಮಗೆ ಹೊಸದಲ್ಲ. ನನ್ನ ಕಿವಿ ನಿಮಿರಿದ್ದು ಅವನು ಹೇಳಿದ ಇನ್ನೊಂದು ಯೋಜನೆಯ ಮಾತಿಗೆ. ಹೆಸರು 'ಹೀಟ್ ಪಂಪ್ ರೆಡಿ'. 6 ಕೋಟಿ ಪೌಂಡಿನದು. 100 ಕೋಟಿ ಪೌಂಡಿನ ದೊಡ್ಡ ಸಂಶೋಧನಾ ನಿಧಿಯ ಒಂದು ಭಾಗ. ಈ ದುಡ್ಡು ಮಷೀನಿನ ಬೆಲೆ ಇಳಿಸಲು ಅಂತಲೇ ಇಟ್ಟದ್ದಲ್ಲ. ಮನೆ ಅಳೆಯುವುದು, ಸರಿಯಾದ ಸೈಜು ಹೇಳುವುದು, ಕೂರಿಸುವ ಕೆಲಸ ಸಲೀಸು ಮಾಡುವುದು, ಜನರಿಗೆ ನಂಬಿಕೆ ಬರುವ ಹಾಗೆ ತಿಳಿಸುವುದು, ಇಂಥ ಕೆಲಸಕ್ಕೆ ಹೊಸ ದಾರಿ ಹುಡುಕುವವರಿಗೆ ಕೊಟ್ಟರು. ಒಂದು ಭಾಗದಲ್ಲಿ ಅವರು ಒಂದೇ ಬಡಾವಣೆಯನ್ನು ಹಿಡಿದರು. ಒಂದು ಟ್ರಾನ್ಸ್‌ಫಾರ್ಮರಿನ ಕೆಳಗೆ ಬರುವ ಮನೆಗಳಲ್ಲಿ ನಾಲ್ಕನೇ ಒಂದು ಪಾಲಿಗೆ ಹೀಟ್ ಪಂಪ್ ಕೂರಿಸಿದರೆ ಲೈನು ತಡೆಯುತ್ತದಾ ಎಂದು ನೋಡುವುದು ಗುರಿ. ಅಳಿಯನ ಊರಿನ ರೋಸ್ ಹಿಲ್ ಎಂಬ ಬಡಾವಣೆಯಲ್ಲೂ ಹೀಗೆ ನಡೆದಿತ್ತು. ಅದಕ್ಕೂ ಮುಂಚೆ ಬೇರೆ ಪ್ರಯೋಗದಲ್ಲಿ ಹಳೆಯದು, ಹೊಸದು, ಸಾಲುಮನೆ, ಫ್ಲ್ಯಾಟು ಎನ್ನದೆ 742 ಮನೆಗಳಲ್ಲಿ ಹಾಕಿ ನೋಡಿದ್ದರು. ಹೀಟ್ ಪಂಪ್ ಆಗಿಬರದ ಮಾದರಿಯ ಮನೆ ಯಾವುದೂ ಸಿಗಲಿಲ್ಲ.

ಮೆಕ್ಯಾನಿಕ್ ಆಗಲು ಕಲಿಯುವವನಿಗೆ ಬೇರೆಯಾಗಿ 500 ಪೌಂಡ್ ಕೊಡುತ್ತಾರೆ ಎಂದು ಕೇಳಿದಾಗ ನನಗೆ ನಮ್ಮ ಮನೆಯ ಆ ಹನ್ನೊಂದು ದಿನ ನೆನಪಾಯಿತು. ನಾನು ಎರಡು ವರ್ಷ ಜನರಿಗೆ ಮಷೀನಿನ ಗುಣ ಹೇಳುತ್ತಿದ್ದೆ. ಅವರ ಭಯ ಬೇರೆಯೇ ಇತ್ತು.

ಟ್ರಾನ್ಸ್‌ಫಾರ್ಮರಿಗೆ ನಮ್ಮ ಕಡೆ ಟಿ.ಸಿ. ಎನ್ನುತ್ತೇವೆ. ನಮ್ಮ ಓಣಿಯ ತುದಿಯಲ್ಲೂ ಒಂದು ಟಿ.ಸಿ. ಇದೆ. ಚಳಿಗಾಲದ ಬೆಳಗ್ಗೆ ಆರರಿಂದ ಏಳೂವರೆವರೆಗೆ ಎಲ್ಲ ಮನೆಯ ಗೀಸರ್ ಒಟ್ಟಿಗೆ ಉರಿಯುತ್ತವೆ. ಒಂದೊಂದೂ 2 ಕಿಲೋವ್ಯಾಟ್, ಕೆಲವು 3. ಕೊನೆಯ ಮನೆಗಳಲ್ಲಿ ವೋಲ್ಟೇಜ್ 180ಕ್ಕೆ ಇಳಿದದ್ದನ್ನು ನಾನೇ ಅಳೆದಿದ್ದೇನೆ. ಹೀಟ್ ಪಂಪ್ ಎಳೆಯುವುದು ಸುಮಾರು 700 ವ್ಯಾಟ್. ಅದನ್ನೂ ಮಧ್ಯಾಹ್ನ ಒಂದು ಗಂಟೆಗೆ ಓಡಿಸಬಹುದು. ಆಗ ಗಾಳಿ ಬೆಚ್ಚಗಿರುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಟ್ಯಾಂಕು ಬೆಳಗಿನವರೆಗೂ ಬಿಸಿ ಹಿಡಿಯುತ್ತದೆ. ಅಂದರೆ ಒಂದು ಮನೆ ಹಾಕಿದರೆ ಆ ಮನೆಗೆ ಲಾಭ, ಹತ್ತು ಮನೆ ಹಾಕಿದರೆ ಓಣಿಗೇ ಲಾಭ.

2024ರ ಜನವರಿಯಲ್ಲಿ ಒಂದು ನೋಟ್‌ಬುಕ್ ಹಿಡಿದು ಹೊರಟೆ. ಹದಿನಾಲ್ಕು ಮನೆ. ಮಾರಲು ಹೋಗಲಿಲ್ಲ, ಅಳೆಯಲು ಹೋದೆ. ಎಷ್ಟು ಜನ, ಎಷ್ಟು ಬಕೆಟ್, ಬಕೆಟ್ ಎಷ್ಟು ಲೀಟರಿನದು, ಬೋರಿನ ನೀರೋ ಕಾರ್ಪೊರೇಷನ್ ನೀರೋ, ಗಚ್ಚಿಯಲ್ಲಿ ಗಾಳಿ ಆಡುವ ಜಾಗ ಇದೆಯಾ, ಪಕ್ಕದವರ ಮಲಗುವ ಕೋಣೆಯ ಕಿಟಕಿ ಎಲ್ಲಿದೆ. ಒಂದು ಮನೆಗೆ ಮುಕ್ಕಾಲು ಗಂಟೆ ಹಿಡಿಯಿತು. ನಮ್ಮ ಕಸುಬಿನಲ್ಲಿ ಈ ಮುಕ್ಕಾಲು ಗಂಟೆಗೆ ಯಾರೂ ದುಡ್ಡು ಕೊಡುವುದಿಲ್ಲ. ಅದಕ್ಕೇ ಯಾರೂ ಅಳೆಯುವುದಿಲ್ಲ. ನನ್ನ ಮನೆಯಲ್ಲಿ ಮಷೀನನ್ನು ತಪ್ಪು ಜಾಗದಲ್ಲಿ ಕೂರಿಸಿದ್ದೂ ಅಳೆಯದೆ ಇದ್ದದ್ದರಿಂದ.

ಅಳೆದದ್ದರಿಂದಲೇ ಮೂರು ಮನೆಗೆ ಬೇಡ ಎಂದು ಹೇಳಿದೆ. ಒಂದರಲ್ಲಿ ಗಂಡ ಹೆಂಡತಿ ಇಬ್ಬರೇ, ದಿನಕ್ಕೆ ನಾಲ್ಕು ಬಕೆಟ್. ಅವರಿಗೆ ಸಣ್ಣ ಗೀಸರ್ ಸಾಕು. ಎರಡನೆಯದರಲ್ಲಿ ಹೊಸ ಸೋಲಾರ್ ಚೆನ್ನಾಗಿ ನಡೆಯುತ್ತಿತ್ತು. ಮೂರನೆಯದು ಬಾಡಿಗೆ ಮನೆ, ಮಾಲೀಕರು ಮುಂದಿನ ವರ್ಷ ಕೆಡವಿ ಕಟ್ಟುವವರಿದ್ದರು. ಬೇಡ ಎಂದದ್ದು ಓಣಿಯಲ್ಲಿ ಹಬ್ಬಿತು. ಉಳಿದವರು ನನ್ನನ್ನು ನಂಬಿದ್ದು ಅದರಿಂದ ಎಂದು ನನಗೆ ಅನಿಸುತ್ತದೆ.

ಗೃಹಜ್ಯೋತಿಯ ಮಾತು ಎಲ್ಲ ಮನೆಯಲ್ಲೂ ಬಂತು. ಬಿಲ್ಲೇ ಬರದಿದ್ದರೆ ಉಳಿಸುವುದು ಏನನ್ನು? ಒಂದು ಮನೆಯ ಕಾಕು ನೇರವಾಗಿ ಕೇಳಿದರು: "ನನಗ ಬಿಲ್ಲು ಸೊನ್ನಿ ಬರ್ತೈತಿ. ಎಪ್ಪತ್ತ್ ಸಾವಿರ ಯಾಕ ಹಾಕ್ಲಿ?" ಅವರ ಮಾತು ಸರಿ. ನಾನು ವಾದ ಮಾಡಲಿಲ್ಲ. ಆದರೆ ದೊಡ್ಡ ಕುಟುಂಬಗಳ ಕಥೆ ಬೇರೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಅವರನ್ನು ಆ ಗೆರೆ ದಾಟಿಸುವುದು ಬಹಳ ಸಲ ಗೀಸರೇ. ನಮ್ಮ ಮನೆಯಲ್ಲಿ ಮೊದಲು 330ರ ಆಸುಪಾಸು ಬರುತ್ತಿತ್ತು, ಹೀಟ್ ಪಂಪ್ ಬಂದ ಮೇಲೆ 186ಕ್ಕೆ ಬಂತು. ಆ ಎರಡು ಬಿಲ್ಲುಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದಾಗ ಆರು ಜನರ ಮನೆಯವರು ಕುರ್ಚಿ ಎಳೆದುಕೊಂಡು ಕೂತರು.

ಕೊನೆಗೆ ಎಂಟು ಮನೆ ಒಪ್ಪಿದವು. ನಮ್ಮದೂ ಸೇರಿ ಒಂಬತ್ತು. ಎಂಟನ್ನೂ ಒಟ್ಟಿಗೆ ಕೊಂಡದ್ದರಿಂದ ಒಂದಕ್ಕೆ 71 ಸಾವಿರಕ್ಕೆ ಬಂತು. ಐದು ಮನೆಯವರು ಓಣಿಯ ಹತ್ತಿರದ ಪತ್ತಿನ ಸಂಘದಲ್ಲಿ ಸಾಲ ತೆಗೆದುಕೊಂಡರು.

ಆದರೆ ಕೊಳ್ಳುವ ಮೊದಲು ಒಂದು ಪ್ರಶ್ನೆ ಉಳಿದಿತ್ತು. ನಿವೃತ್ತ ಮಾಸ್ತರರೊಬ್ಬರು ಕೇಳಿದರು: "ನೀ ಊರಾಗ ಇಲ್ಲದಾಗ ಕೆಟ್ರ ಯಾರ ಬರ್ತಾರ?" ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ವಾರ ತೆಗೆದುಕೊಂಡೆ. ಐಟಿಐನಲ್ಲಿ ಫ್ರಿಜ್, ಎಸಿ ಕೆಲಸ ಕಲಿತ ಇಬ್ಬರು ಹುಡುಗರನ್ನು ಕರೆದು ನಮ್ಮ ಮನೆಯ ಮಷೀನನ್ನೇ ಬಿಚ್ಚಿ ಕೂಡಿಸಲು ಕೊಟ್ಟೆ. ನನಗೆ ನೀರು, ಪೈಪಿನ ಕೆಲಸ ಗೊತ್ತು. ಅವರಿಗೆ ಗ್ಯಾಸ್, ಕಂಪ್ರೆಸರ್ ಗೊತ್ತು. ಈ ಕೆಲಸಕ್ಕೆ ಎರಡೂ ಬೇಕು. ಒಂಬತ್ತೂ ಮನೆ 1,500 ರೂಪಾಯಿ ಹಾಕಿದವು. ಆ 13,500ರಲ್ಲಿ ಒಂದು ಫ್ಯಾನ್ ಮೋಟರ್, ಎರಡು ಸೆನ್ಸರ್, ಒಂದು ಕಂಟ್ರೋಲ್ ಬೋರ್ಡ್ ತಂದು ಮಾಸ್ತರರ ಕಪಾಟಿನಲ್ಲೇ ಇಟ್ಟೆವು. ಮರುದಿನವೇ ಮಾಸ್ತರರು ಮುಂಗಡ ಕೊಟ್ಟರು.

ಎಲ್ಲವೂ ನೆಟ್ಟಗೆ ನಡೆಯಿತು ಎಂದು ಹೇಳುವುದಿಲ್ಲ. ಬೋರಿನ ನೀರು ಇರುವ ಎರಡು ಮನೆಯಲ್ಲಿ ಸವಳು ಜಾಸ್ತಿ. ಟ್ಯಾಂಕು ತುಕ್ಕು ಹಿಡಿಯದಂತೆ ಒಳಗೆ ಒಂದು ಮೆಗ್ನೀಸಿಯಂ ರಾಡ್ ಇರುತ್ತದೆ, ಅದು ತಾನು ಸವೆದು ಟ್ಯಾಂಕನ್ನು ಕಾಯುತ್ತದೆ. ವರ್ಷ ತುಂಬುವಾಗ ತೆಗೆದು ನೋಡಿದರೆ ಆ ಎರಡು ಮನೆಯಲ್ಲಿ ತಂತಿಯಷ್ಟೇ ಉಳಿದಿತ್ತು. ಈಗ ಅವರಿಗೆ ಹತ್ತು ತಿಂಗಳಿಗೊಮ್ಮೆ ಬದಲಾಯಿಸುತ್ತೇವೆ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಒಂದು ಮನೆಗೆ ಹನ್ನೊಂದು ಜನ ನೆಂಟರು ಬಂದರು. ಬೆಳಗ್ಗೆ ಐದಕ್ಕೇ ಎಣ್ಣೆಸ್ನಾನ. ಆರನೆಯವರಿಗೆ ಟ್ಯಾಂಕು ಖಾಲಿ. ಹೀಟ್ ಪಂಪಿಗೆ ಗೀಸರಿನ ಅವಸರ ಇಲ್ಲ, ಮತ್ತೆ ಕಾಯಲು ಮೂರು ಗಂಟೆಯಾದರೂ ಬೇಕು. ಆ ದಿನ ನಮ್ಮ ಅವ್ವನ ಬಂಬ ಓಣಿಗೆ ನೆರವಾಯಿತು. ಅದನ್ನು ಮಾರದೆ ಇಟ್ಟುಕೊಂಡದ್ದಕ್ಕೆ ಅವ್ವನಿಗೆ ಇನ್ನೂ ಖುಷಿ.

ಸರ್ಕಾರ ಏನು ಮಾಡಬಹುದು ಎಂದು ಕೆಲವರು ಕೇಳುತ್ತಾರೆ. ನಮ್ಮಲ್ಲಿ ಆಗಿಲ್ಲವೇ? ಎಲ್‌ಇಡಿ ಬಲ್ಬಿನ 'ಹೊಸ ಬೆಳಕು' ನೆನಪಿರಬಹುದು. 2014ರಲ್ಲಿ ಸರ್ಕಾರಕ್ಕೆ 310 ರೂಪಾಯಿಗೆ ಸಿಗುತ್ತಿದ್ದ ಬಲ್ಬು, ಕೋಟಿಗಟ್ಟಲೆ ಒಟ್ಟಿಗೆ ಕೊಂಡದ್ದರಿಂದ ಎರಡೇ ವರ್ಷದಲ್ಲಿ 40ಕ್ಕಿಂತ ಕೆಳಗಿಳಿಯಿತು. ಛಾವಣಿಗೆ 3 ಕಿಲೋವ್ಯಾಟ್ ಸೋಲಾರ್ ಪ್ಯಾನೆಲ್ ಹಾಕಿದರೆ ಸೂರ್ಯಘರ್ ಯೋಜನೆಯಲ್ಲಿ 78 ಸಾವಿರ ಬರುತ್ತದೆ. ಹೀಟ್ ಪಂಪಿಗೆ ನಾನು ಕೇಳುವುದು ಅಷ್ಟು ದೊಡ್ಡದಲ್ಲ. ಆ ಮುಕ್ಕಾಲು ಗಂಟೆಗೆ ಒಂದಿಷ್ಟು ದುಡ್ಡು ಇರಲಿ. ತಾಲೂಕಿಗೆ ಹತ್ತು ಹುಡುಗರಿಗೆ ನೀರು ಮತ್ತು ಗ್ಯಾಸ್ ಎರಡೂ ಕಲಿಸಲಿ. ಒಂದು ಟಿ.ಸಿ. ಹಿಡಿದು, ಹಾಕುವ ಮೊದಲು ಮತ್ತು ಆಮೇಲೆ ವೋಲ್ಟೇಜ್ ಅಳೆದು ಎಲ್ಲರಿಗೂ ಕಾಣುವ ಹಾಗೆ ಇಡಲಿ. ನಾನು ಒಬ್ಬನೇ ಅಳೆದ ಲೆಕ್ಕ ನನ್ನ ನೋಟ್‌ಬುಕ್ಕಿನಲ್ಲಿದೆ: ಕಳೆದ ಡಿಸೆಂಬರಿನಲ್ಲಿ ಬೆಳಗ್ಗೆ ಆರೂವರೆಗೆ ಓಣಿಯ ಕೊನೆಯ ಮನೆಯಲ್ಲಿ 204.

ಮುಂದಿನ ವಾರ ಅನಗೋಳದ ಒಂದು ಅಪಾರ್ಟ್‌ಮೆಂಟಿಗೆ ಹೋಗಬೇಕು. ಇಪ್ಪತ್ತನಾಲ್ಕು ಮನೆ, ಪೂರ್ತಿ ಬೋರಿನ ನೀರು, ಗಚ್ಚಿಯಲ್ಲಿ ಈಗಾಗಲೇ ಕೆಟ್ಟು ನಿಂತ ಸೋಲಾರ್‌ಗಳ ಸಾಲು. ಹುಡುಗರಿಗೆ ಮೊದಲು ನೀರಿನ ಸವಳು ನೋಡಿಕೊಂಡು ಬನ್ನಿ ಎಂದು ಹೇಳಿದ್ದೇನೆ. ಬಕೆಟ್ ಎಣಿಸುವುದು ಆಮೇಲೆ.