ಮುಟ್ಟುವ ಮೊದಲು ಓದಿಸಿ: ಪ್ರಯೋಗದ ವಿಧಾನ ಓದಲು ಕಲಿಸುವುದು ಹೇಗೆ?

ನಾನು ಮೂಡಿಗೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಮಕ್ಕಳು ಪಾಠವನ್ನು ಗಡಗಡ ಓದುತ್ತಾರೆ. ಆದರೆ ಲ್ಯಾಬಿನಲ್ಲಿ ಪ್ರಯೋಗದ ವಿಧಾನ ಕೊಟ್ಟರೆ, ಮೊದಲ ಸಾಲು ಮುಗಿಯುವಷ್ಟರಲ್ಲಿ ಕೈ ಟೆಸ್ಟ್ ಟ್ಯೂಬಿಗೆ ಹೋಗಿರುತ್ತದೆ. ಆಮೇಲೆ ಶುರು: "ಮಿಸ್, ಮುಂದೇನು?" ವಿಧಾನ ಓದುವುದೇ ಬೇರೆ ಕಲೆ. ಅದನ್ನು ಕೂತು ಕಲಿಸಬೇಕು.

ಹತ್ತನೇ ತರಗತಿಯ ಕಬ್ಬಿಣದ ಮೊಳೆ ಮತ್ತು ತಾಮ್ರದ ಸಲ್ಫೇಟ್ ಪ್ರಯೋಗವನ್ನೇ ತಗೊಳ್ಳಿ. ಪುಸ್ತಕ ತೆಗೆಸುವ ಮೊದಲು ಒಂದು ಪ್ರಶ್ನೆ ಕೇಳಿ: ಮೈಲುತುತ್ತ, ಸುಣ್ಣ ಬೆರೆಸಿ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಚಾಕು ಅದ್ದಿ ನೋಡುವುದು ಯಾಕೆ? ತೋಟದ ಮನೆಯ ಮಕ್ಕಳಿಗೆ ಇದು ಗೊತ್ತಿರುತ್ತದೆ. ಮೈಲುತುತ್ತ ಜಾಸ್ತಿಯಾಗಿದ್ದರೆ ಚಾಕುವಿನ ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂರುತ್ತದೆ, ಆಗ ಇನ್ನಷ್ಟು ಸುಣ್ಣ ಹಾಕಬೇಕು. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟೇ ಅಲ್ವಾ? ಹಾಗಾದರೆ ಮೊಳೆಗೆ ಏನಾಗಬಹುದು, ಒಂದು ಸಾಲು ಬರೆಸಿ. ಊಹೆ ಬರೆದ ಮಗು ಸುಮ್ನೆ ಓದುವುದಿಲ್ಲ, ಹುಡುಕುತ್ತಾ ಓದುತ್ತದೆ.

ಮೊದಲ ಓದು ಕೈ ಕಟ್ಟಿಕೊಂಡು. ಎರಡನೆಯದು ಪೆನ್ಸಿಲ್ ಹಿಡಿದು. ಈ ಎರಡನೆಯ ಓದಿಗೆ ಸಮಯ ಧಾರಾಳವಾಗಿ ಕೊಡಿ, ಏಕೆಂದರೆ ತಪ್ಪುಗಳೆಲ್ಲ ಇಲ್ಲೇ ಹುಟ್ಟುವುದು. ಬೋರ್ಡಿನ ಮೇಲೆ ಹೀಗೆ ಬರೆಯಿರಿ: "ಮರಳು ಕಾಗದದಿಂದ ಉಜ್ಜಿದ ಎರಡು ಮೊಳೆಗಳನ್ನು ದಾರಕ್ಕೆ ಕಟ್ಟಿ, ದ್ರಾವಣದಲ್ಲಿ ಸುಮಾರು 20 ನಿಮಿಷ ಇಳಿಬಿಡಿ." ಇದರಲ್ಲಿ ಎಷ್ಟು ಕೆಲಸ ಇದೆ ಅಂತ ಕೇಳಿ. ಕಟ್ಟುವುದು, ಇಳಿಬಿಡುವುದು, ಎರಡು ಅನ್ನುತ್ತಾರೆ. 'ಉಜ್ಜಿದ' ಅನ್ನುವುದು ಯಾರ ಕಣ್ಣಿಗೂ ಬೀಳುವುದಿಲ್ಲ, ಯಾರೋ ಮೊದಲೇ ಉಜ್ಜಿಟ್ಟಿದ್ದಾರೆ ಅಂದುಕೊಳ್ಳುತ್ತಾರೆ. ತುಕ್ಕು, ಎಣ್ಣೆ ಹೋಗದಿದ್ದರೆ ದ್ರಾವಣ ಮೊಳೆಗೆ ಸರಿಯಾಗಿ ತಾಗುವುದೇ ಇಲ್ಲ. ಹೀಗೆ ಅಡಗಿ ಕೂತ ಕೆಲಸಗಳಿಗೆಲ್ಲ ಗೆರೆ ಎಳೆಸಿ.

ಇನ್ನೊಂದು, 'ಗೆ' ಮತ್ತು 'ಅನ್ನು' ಎಲ್ಲಿವೆಯೋ ಅಲ್ಲಿ ಸುತ್ತು ಹಾಕಿಸಿ. "ನೀರಿಗೆ ಆಮ್ಲವನ್ನು ನಿಧಾನವಾಗಿ ಸೇರಿಸಿ" ಅನ್ನುವುದನ್ನು ಅವಸರದಲ್ಲಿ ಓದಿದವನು ಆಮ್ಲಕ್ಕೆ ನೀರು ಸುರಿಯಬಹುದು. ಆಗ ಬಿಸಿ ಒಮ್ಮೆಲೇ ಹುಟ್ಟಿ ಆಮ್ಲ ಮುಖಕ್ಕೆ ಸಿಡಿಯುತ್ತದೆ. ಪಾತ್ರೆಯಲ್ಲಿ ಮೊದಲೇ ಇರಬೇಕಾದ್ದು ಯಾವುದು? ಇದಕ್ಕೆ ಉತ್ತರ ಬಾರದೆ ನಾನು ಆಮ್ಲದ ಬಾಟಲಿಯನ್ನು ಬೀರುವಿನಿಂದ ತೆಗೆಯುವುದಿಲ್ಲ.

ಮೂರನೆಯ ಓದು ಜೋಡಿಯಲ್ಲಿ. ಒಬ್ಬರು ಓದಲಿ, ಇನ್ನೊಬ್ಬರು ಖಾಲಿ ಟ್ಯೂಬಿನಲ್ಲಿ ಮಾಡಿ ತೋರಿಸಲಿ. ಓದಿದ್ದು ಅರ್ಥವಾಗಿಲ್ಲದಿದ್ದರೆ ಕೈ ಅಲ್ಲೇ ನಿಲ್ಲುತ್ತದೆ. ಚಿತ್ರ ಬರೆಸುವವರು ಬರೆಸಿ, ಅಳತೆಯನ್ನು ಮಾತ್ರ ಚಿತ್ರದ ಪಕ್ಕದಲ್ಲೇ ಬರೆಸಿ.

ಒಂದು ಮಾತು, ನಿಮಗೆ ಇಷ್ಟವಾಗದಿರಬಹುದು. ಪೋರ್ಷನ್ ಮುಗಿಸುವ ಗಡಿಬಿಡಿಯಲ್ಲಿ ವಿಧಾನ ಪೂರ್ತಿ ನಾವೇ ಹೇಳಿಬಿಡುತ್ತೇವೆ. ಕಿವಿಗೆ ಸಿಕ್ಕಿದ ಮೇಲೆ ಯಾವ ಮಗು ತಾನೇ ಓದುತ್ತದೆ? "ಮುಂದೇನು?" ಅಂದರೆ "ಯಾವ ಸಾಲಿನಲ್ಲಿದ್ದೀಯ?" ಅಂತಷ್ಟೇ ಕೇಳಿ.

ಮೊಳೆ ನೆನೆಯುವ 20 ನಿಮಿಷ ದಂಡವಾಗಬಾರದು. ಪುಸ್ತಕದ ವಿಧಾನದಲ್ಲಿ ಇನ್ನೊಂದು ಮೊಳೆ, ಇನ್ನೊಂದು ಟ್ಯೂಬೂ ಇವೆ. ಮೂರನೆಯ ಮೊಳೆಯನ್ನು ದ್ರಾವಣಕ್ಕೆ ಹಾಕದೆ ಪಕ್ಕಕ್ಕೆ ಯಾಕಿಟ್ಟೆವು, ಎರಡನೆಯ ಟ್ಯೂಬಿನಲ್ಲಿ ಬರೀ ದ್ರಾವಣ ಯಾಕೆ ಅಂತ ಪುಸ್ತಕ ನೋಡಿ ಹುಡುಕಲಿ. ಹೋಲಿಸಿ ನೋಡಲು ಅನ್ನುವ ಉತ್ತರ ಅವರ ಬಾಯಿಂದಲೇ ಬರಲಿ. ಆಮೇಲೆ ರೆಕಾರ್ಡ್. ವೀಕ್ಷಣೆಯ ಕಡೆ "ಕಬ್ಬಿಣವು ತಾಮ್ರವನ್ನು ಸ್ಥಾನಪಲ್ಲಟಗೊಳಿಸಿತು" (ಅಂದರೆ ದ್ರಾವಣದಲ್ಲಿದ್ದ ತಾಮ್ರದ ಜಾಗಕ್ಕೆ ಕಬ್ಬಿಣ ಹೋಯಿತು) ಅಂತ ಬರೆದಿದ್ದರೆ, ಕಣ್ಣಲ್ಲಿ ನೋಡಿದ್ಯಾ ಅಂತ ಕೇಳಿ. ನೋಡಿದ್ದು ಮೊಳೆಯ ಮೇಲಿನ ಕಂದು ಪದರ, ದ್ರಾವಣದ ನೀಲಿ ಬಣ್ಣ ಮಸುಕಾದದ್ದು. ಉಳಿದದ್ದನ್ನು ತೀರ್ಮಾನದ ಕೆಳಗೆ ಬರೆಸಿ.